ಕೇಳದೆ ಬರೆದ ಮುಖ

ಮೊನ್ನೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಎದುರು ಬೆಂಚಿನ ಕಾಲೇಜು ಹುಡುಗಿಯೊಬ್ಬಳು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ನನ್ನನ್ನು ನೋಡುವುದು, ತಲೆ ಬಗ್ಗಿಸುವುದು, ಮತ್ತೆ ನೋಡುವುದು ಮಾಡುತ್ತಿದ್ದಳು. ಒಂದು ಕಾಲಕ್ಕೆ ಊರವರನ್ನು ಹೀಗೇ ಕದ್ದು ನೋಡಿ ಚಿತ್ರ ಬರೆದವನು ನಾನು, ಅವಳು ನನ್ನನ್ನು ಬರೆಯುತ್ತಿದ್ದಾಳೆಂದು ನನಗೆ ತಿಳಿಯದೇ? ಖುಷಿಪಡಬೇಕಿತ್ತು. ಆದರೆ ಅಂಜಿಕೆಯಾಯಿತು. ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದು, ಮೆಕ್ಕೆಜೋಳದ ಧಾರಣೆಯನ್ನು ನಾಲ್ಕು ಸಲ ಓದಿದೆ. ನನ್ನ ಮನೆಯಲ್ಲಿ ಒಂದು ಕಾಳು ಮೆಕ್ಕೆಜೋಳವಿಲ್ಲ. ಹುಡುಗಿ ಕಾದು ಬೇಸತ್ತು ಎದ್ದುಹೋದಳು.

ಇಷ್ಟಕ್ಕೆ ಅಷ್ಟು ಅಂಜಿಕೆ ಯಾಕೆ ಎಂದು ನೀವು ಕೇಳಬಹುದು. ಹೇಳುತ್ತೇನೆ. ಇಷ್ಟು ವರ್ಷ ಯಾರಿಗೂ ಪೂರ್ತಿ ಹೇಳಿಲ್ಲ, ಹೆಂಡತಿಗೂ ಅರ್ಧವೇ ಹೇಳಿದ್ದು.

ನನಗೆ ಚಿತ್ರ ಕಲಿಸಿದ ಗುರುಗಳದು ಒಂದೇ ಮಾತು. "ಕಲ್ಲು, ಗಿಡ ಎಲ್ಲಿ ಓಡಿ ಹೋಗ್ತಾವ? ದಿನಾ ಹತ್ತು ಮಂದಿ ಮನುಷ್ಯಾರನ್ನ ಬರಿ. ಬರಿಯಾಕ ಹತ್ತೀಯಂತ ಅವರಿಗೆ ಗೊತ್ತಾಗಬಾರದು. ಗೊತ್ತಾದ್ರ ಫೋಟೋಕ್ಕ ಕುಂತಂಗ ಕುಂದರ್ತಾರ." ನಾನು ಅದನ್ನು ವೇದವಾಕ್ಯವೆಂದು ನಂಬಿದೆ. ಕೊಟ್ಟೂರು ಸಂತೆ, ಹಡಗಲಿ ಬಸ್ಸು, ಕೂಡ್ಲಿಗಿಯ ಚಹಾದಂಗಡಿ, ಎಲ್ಲಿ ಹೋದರೂ ಬಗಲಲ್ಲಿ ಉದ್ದನೆಯ ಪುಸ್ತಕ. ಊಟದ ಲೆಕ್ಕ ತಪ್ಪಿದರೂ ಹತ್ತು ಚಿತ್ರದ ಲೆಕ್ಕ ತಪ್ಪುತ್ತಿರಲಿಲ್ಲ.

ಬಣ್ಣದ ಹುಚ್ಚು ಬೇರೆ. ಅಂಗಡಿಯ ಬಣ್ಣ ತರುವಷ್ಟು ಶಕ್ತಿಯಿಲ್ಲದ್ದಕ್ಕೆ ನಾನೇ ಮಾಡಿಕೊಳ್ಳುತ್ತಿದ್ದೆ. ಕೂಡ್ಲಿಗಿ ಕಡೆಯ ಗುಡ್ಡದ ಕೆಮ್ಮಣ್ಣನ್ನು ಸೋಸಿ ಅದಕ್ಕೆ ಜಾಲಿಯ ಅಂಟು ಕಲಸುವುದು, ಬಟ್ಟೆಗೆ ಹಾಕುವ ನೀಲಿಯಲ್ಲಿ ಆಕಾಶ ಬಳಿಯುವುದು, ಚಿಮಣಿಯ ಕಾಡಿಗೆಯಲ್ಲಿ ಮಸಿ ಮಾಡುವುದು. ಒಮ್ಮೆ ಅರಿಶಿಣದಲ್ಲಿ ಸೂರ್ಯನನ್ನು ಬರೆದು ಕಿಟಕಿಯ ಹತ್ತಿರ ಇಟ್ಟೆ. ಎರಡೇ ವಾರಕ್ಕೆ ಆ ಸೂರ್ಯ ನಿಜವಾದ ಸೂರ್ಯನ ಬಿಸಿಲಿಗೇ ಬೆಳ್ಳಗಾಗಿ ಹೋದ. "ಸಾರಿಗೆ ಹಾಕಾಕ ಅರಿಷಿಣ ಇಲ್ಲ, ನಿಮ್ಮ ಸೂರ್ಯಗ ಬಳದು ಕುಂತೀರಿ. ಅವನಾದ್ರೂ ಉಳಿದ್ನೇನ್ರಿ?" ಎಂದು ಹೆಂಡತಿ ಕೇಳಿದಳು. ಉಳಿದದ್ದು ಕಾಡಿಗೆಯ ಮಸಿಯೊಂದೇ. ಅದು ಕಾಗದಕ್ಕೆ ಕಚ್ಚಿಕೊಂಡರೆ ಏನು ಮಾಡಿದರೂ ಬಿಡುತ್ತಿರಲಿಲ್ಲ.

ಆಗ ನಾನು ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ, ಅದೂ ಕಾಯಂ ಅಲ್ಲ. ಶಾಲೆಯ ಹೆಸರು ಬೇಡ. ಸಂಜೆ ಮನೆಗೆ ಬರಲು ತಂಬ್ರಹಳ್ಳಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಮುಕ್ಕಾಲು ಗಂಟೆ ಕಾಯುವ ಕೆಲಸ. ಅಲ್ಲಿ ಬೇವಿನ ಮರದ ಕೆಳಗೆ ಒಬ್ಬಾತ ಪುಂಡಿ ನಾರಿನ ಹಗ್ಗ ಹೊಸೆಯುತ್ತ ಕೂತಿರುತ್ತಿದ್ದ. ನಾರಿನ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎರಡು ಅಂಗೈ ನಡುವೆ ಉಜ್ಜಿದನೆಂದರೆ ಎಳೆಗಳು ತಾವಾಗಿಯೇ ಸುತ್ತಿಕೊಳ್ಳುತ್ತಿದ್ದವು. ಎಳೆ ಬಿಗಿಯಾದಾಗ ಅವನ ತುಟಿ ಒಂದು ಬದಿಗೆ ಜಗ್ಗುತ್ತಿತ್ತು. ಅಂಥ ಮನುಷ್ಯ ಚಿತ್ರಕಾರನಿಗೆ ಹಬ್ಬದೂಟ. ಒಂದು ವರ್ಷದಲ್ಲಿ ಅವನನ್ನು ನಲವತ್ತು ಸಲವಾದರೂ ಬರೆದಿರಬೇಕು. ಮಾತಾಡಿಸಿದ್ದು ಮಾತ್ರ ಇಲ್ಲ.

ತುರ್ತು ಪರಿಸ್ಥಿತಿಯ ಎರಡನೆಯ ವರ್ಷ ನಮಗೆ ಮೇಲಿನಿಂದ ಒಂದು ಮಾತು ಬಂತು. ಸಂತಾನ ಆಗದ ಹಾಗೆ ಆಪರೇಷನ್ ಮಾಡಿಸಿಕೊಳ್ಳಲು ಒಬ್ಬೊಬ್ಬ ಮಾಸ್ತರನೂ ಇಬ್ಬರನ್ನು ಕ್ಯಾಂಪಿಗೆ ಒಪ್ಪಿಸಿ ತರಬೇಕು. ಅದಕ್ಕೆ 'ಕೇಸು' ಎನ್ನುತ್ತಿದ್ದರು. ತರದಿದ್ದರೆ ಕೆಲಸದ ಖಾತ್ರಿಯಿಲ್ಲ. ಊರುಗಳಲ್ಲಿ ಸುದ್ದಿ ಹಬ್ಬಿತು: ಪುಸ್ತಕ ಹಿಡಿದವನು ಯಾರೇ ಬರಲಿ, ಗಂಡಸರ ಪಟ್ಟಿ ಮಾಡಲಿಕ್ಕೇ ಬಂದಿದ್ದಾನೆ. ಆ ವಾರ ಕೊಟ್ಟೂರು ಸಂತೆಯಲ್ಲಿ ನಾನು ಪುಸ್ತಕ ಬಿಚ್ಚಿದ್ದೇ ತಡ, ಮೆಣಸಿನಕಾಯಿ ಸಾಲಿನ ಗಂಡಸರೆಲ್ಲ ಚೀಲ ಬಿಟ್ಟು ಎದ್ದರು. ಒಬ್ಬ ಮುದುಕಿ ಮಾತ್ರ ಕದಲಲಿಲ್ಲ. "ಅವರನ್ಯಾಕ ಬರಕಂತೀಯೋ ಯಪ್ಪಾ, ನನ್ನ ಬರಕ. ನನ್ನ ಕೊಯ್ದ್ರ ಏನೂ ಸಿಗಾದಿಲ್ಲ!" ನಾನು ನಕ್ಕೆ. ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದೆ.

ಮರುದಿನ ಸಂಜೆ ಹಗ್ಗದವನು ತಾನಾಗಿಯೇ ಎದ್ದು ಬಂದು ಕೈಮುಗಿದು ನಿಂತ.

"ಮಾಸ್ತರ್ರ, ದುರುಗಪ್ಪ ಅಂತ ಬರಕಂಡೀರಲ್ಲ, ಅದನ್ನ ಹೊಡದು ಹಾಕ್ರಿ."

"ನಿನ್ನ ಹೆಸರು ದುರುಗಪ್ಪ ಅಂತ ನನಗ ಈಗ ಗೊತ್ತಾತು. ಇಲ್ಲಿ ಯಾರ ಹೆಸರೂ ಇಲ್ಲ, ನೋಡು" ಎಂದು ಪುಸ್ತಕ ತೆರೆದು ತೋರಿಸಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಅವನ ಮುಖ ಇನ್ನಷ್ಟು ಕಪ್ಪಿಟ್ಟಿತು.

"ಇದು ಹೆಸರಿಗಿಂತ ಕೆಟ್ಟದ್ರಿ. ದುರುಗಪ್ಪ ಅಂದ್ರ ಊರಾಗ ಹತ್ತು ಮಂದಿ ಅದಾರ. ಈ ಮುಖ ನಂದೊಂದ ಐತಿ. ಹರದು ಕೊಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

ಹರಿದು ಕೊಡಬಹುದಿತ್ತು. ಆದರೆ ಅದರಲ್ಲಿ ಒಂದು ಹಾಳೆಯಿತ್ತು, ಹಗ್ಗದ ಬಿಗಿ, ಬೆನ್ನಿನ ಬಾಗು ಎರಡೂ ಒಂದೇ ಗೆರೆಯಲ್ಲಿ ಬಂದು ಕೂತಿದ್ದವು. ಅದನ್ನು ಗುರುಗಳಿಗೆ ತೋರಿಸುವ ಆಸೆ. "ನಾಳೆ ನೋಡೂಣು ತಗಿ" ಎಂದು ಬಸ್ಸು ಹತ್ತಿದೆ.

ಮರುದಿನ ಸಂಜೆಯಾಗುವ ಮೊದಲೇ ಶಾಲೆಯಲ್ಲಿ ಹೆಡ್ ಮಾಸ್ತರರು ಕರೆಸಿದರು. ಮೇಜಿನ ಮೇಲೆ ನನ್ನ ಪುಸ್ತಕವಿತ್ತು. ಕ್ಲಾಸಿನಲ್ಲಿ ಬಿಟ್ಟು ಬಂದಿದ್ದೆ, ಮರೆಗುಳಿ ಮುಂಡೇದು ನಾನು.

"ಏನ್ರಿ, ಎರಡು ಕೇಸು ಸಿಗವಲ್ವು ಅಂತೀರಿ. ಇಲ್ಲಿ ನೋಡಿದ್ರ ಅರ್ಧ ತಾಲ್ಲೂಕು ನಿಮ್ಮ ಬಗಲಾಗ ಐತಿ." ಹಾಳೆ ಮಗುಚುತ್ತ ಹೋದರು. ಅವರೂ ಕೇಸಿನ ಲೆಕ್ಕ ಒಪ್ಪಿಸಬೇಕಿತ್ತು. ಅವರ ಮೇಲೆ ಯಾರೋ, ಅವರ ಮೇಲೆ ಮತ್ಯಾರೋ. "ಇವ ಯಾರು? ಎಲ್ಲಾ ಕಡೆ ಇವನ ಅದಾನಲ್ಲ."

ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ಕೆಲಸ ಹೋದರೆ ಗತಿಯೇನು ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಹಗ್ಗ ಹೊಸಿಯೋನು ಸಾರ್. ದುರುಗಪ್ಪ. ತಂಬ್ರಹಳ್ಳಿ ಬಸ್ ನಿಲ್ಲೋ ಕಡಿ ಕುಂತಿರ್ತಾನ."

"ಮಕ್ಕಳೆಷ್ಟು?"

ಗೊತ್ತಿಲ್ಲ ಎನ್ನಬೇಕಿತ್ತು. "ಮೂರೋ ನಾಲ್ಕೋ ಇರಬಹುದು ಸಾರ್" ಎಂದೆ. ಅವರು ಬರೆದುಕೊಂಡರು. ಜನ ಹೆದರಿದ್ದು ಸುಳ್ಳಾಗಿರಲಿಲ್ಲ. ಪಟ್ಟಿ ನನ್ನ ಬಗಲಲ್ಲೇ ಇತ್ತು, ನನಗೊಬ್ಬನಿಗೇ ಅದು ತಿಳಿದಿರಲಿಲ್ಲ.

ಅಂದು ಸಂಜೆಯೂ ದುರುಗಪ್ಪ ಮರದ ಕೆಳಗೇ ಇದ್ದ. ನನ್ನನ್ನು ನೋಡಿ ಆಸೆಯಿಂದ ಅರ್ಧ ಎದ್ದ. ಓಡಿಹೋಗು ಎಂದು ಹೇಳಲು ಮುಕ್ಕಾಲು ಗಂಟೆಯಿತ್ತು. ಹೇಳಿದರೆ, ಹೆಸರು ಕೊಟ್ಟವರು ಯಾರು ಎಂದು ಕೇಳುತ್ತಾನೆ. ಬಾಯಿ ತೆರೆದೆ, ಮುಚ್ಚಿದೆ, ಚಹಾ ಕುಡಿದೆ, ಮತ್ತೆ ತೆರೆದೆ. ಬಸ್ಸು ಬಂತು. ಆ ದಿನ ಬಸ್ಸು ಬಂದದ್ದಕ್ಕೆ ನನಗಾದ ನಿರಾಳವನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಚಹಾದಂಗಡಿಯವನು ಹೇಳಿದ: "ಜೀಪು ಬಂದಿತ್ರಿ. ದುರುಗಪ್ಪನ್ನ ಎತ್ತಿ ಹಾಕ್ಕೊಂಡು ಹೋದ್ರು. ಒಲ್ಲೆ ಒಲ್ಲೆ ಅಂತಿದ್ದ." ಶಾಲೆಯಲ್ಲಿ ನನ್ನ ಹೆಸರಿನ ಮುಂದೆ ಒಂದು ಕೇಸು ಬಿತ್ತು. ಇನ್ನೊಂದನ್ನು ಯಾರೂ ಕೇಳಲಿಲ್ಲ, ಕೆಲಸ ಉಳಿಯಿತು.

ಹದಿನೈದು ದಿನದ ಮೇಲೆ ಅವನು ಮತ್ತೆ ಬಂದು ಕೂತಿದ್ದ. ಕೈಯಲ್ಲಿ ನಾರಿರಲಿಲ್ಲ. ನಾನು ತಲೆ ತಪ್ಪಿಸಿಕೊಂಡು ಅಂಗಡಿಯ ಹಿಂದೆ ಹೋಗುವವನಿದ್ದೆ, ಅವನೇ ಕರೆದ. ಬೈಯಲಿಲ್ಲ, ಹೊಡೆಯಲೂ ಇಲ್ಲ.

"ಈಗರ ಹರದು ಕೊಡ್ರಿ ಮಾಸ್ತರ್ರ."

ಅಂಗಡಿಯಿಂದ ಬ್ಲೇಡು ಇಸಿದುಕೊಂಡು ಒಂದೊಂದೇ ಹಾಳೆ ಕುಯ್ದು ಕೊಟ್ಟೆ, ಗುರುಗಳಿಗೆ ತೋರಿಸಬೇಕೆಂದಿದ್ದುದನ್ನೂ. ಅವನು ಮೊಣಕಾಲ ಮೇಲಿಟ್ಟುಕೊಂಡು ಎಲ್ಲವನ್ನೂ ನಿಧಾನವಾಗಿ ನೋಡಿದ. ನನ್ನ ಬಸ್ಸು ಬಂದು ಹೋಯಿತು.

"ಭಾಳ ಚೆಂದ ನೋಡೀರಿ ಬಿಡ್ರಿ ನನ್ನ. ಕಿವಿ ಸೈತ ಹಂಗ ಐತಿ" ಎಂದ. ಆಮೇಲೆ, ಕಾಗದಗಳನ್ನು ಸುರುಳಿ ಸುತ್ತುತ್ತ, "ಇಷ್ಟು ಸಲ ನೋಡಿದೋರು, ಮಕ್ಕಳೆಷ್ಟಪ್ಪ ಅಂತ ಒಂದು ಸಲ ಕೇಳಿದ್ರ ಹೇಳ್ತಿದ್ನಿ. ಮದಿವಿ ಆಗಿ ಎರಡು ವರ್ಷ ಆತ್ರಿ. ಒಂದೂ ಇಲ್ಲ."

ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಎದ್ದು ಹೋದ. ಮತ್ತೆ ಆ ಮರದ ಕೆಳಗೆ ಬರಲಿಲ್ಲ. ಗಂಡ ಹೆಂಡತಿ ಇಟ್ಟಿಗಿ ಊರಿನ ಕಡೆ ದುಡಿಯಲು ಹೋದರೆಂದು ಕೇಳಿದೆ. ಹುಡುಕಿಕೊಂಡು ಹೋಗುವ ಧೈರ್ಯ ನನಗೆ ಬರಲಿಲ್ಲ. ಮುಂದಿನ ತಿಂಗಳು ನನಗೆ ಮಗಳು ಹುಟ್ಟಿದಳು. ಎಲ್ಲರಿಗೂ ಪೇಡೆ ಹಂಚಿದೆ. ತಂಬ್ರಹಳ್ಳಿಯ ಚಹಾದಂಗಡಿಯವನಿಗೆ ಮಾತ್ರ ಕೊಡಲಾಗಲಿಲ್ಲ.

ಅಂದಿನಿಂದ ಕೇಳಿಯೇ ಬರೆಯುತ್ತೇನೆ. ಗುರುಗಳು ಹೇಳಿದ್ದು ಸುಳ್ಳಲ್ಲ. ಕೇಳಿದ ಕೂಡಲೇ ಜನ ಅಂಗಿ ಸರಿಮಾಡಿಕೊಂಡು, ಕೂದಲಿಗೆ ಎಂಜಲು ಹಚ್ಚಿಕೊಂಡು ಕಂಬದಂತೆ ಕೂರುತ್ತಾರೆ. ಬೇಡ ಎನ್ನುವವರೂ ಇದ್ದಾರೆ, ಆಗ ಪುಸ್ತಕ ಮುಚ್ಚುತ್ತೇನೆ. ನನ್ನ ಗೆರೆಯಲ್ಲಿ ಮೊದಲಿನ ಜೀವ ಇಲ್ಲ ಎಂದು ತಿಳಿದವರು ಹೇಳುತ್ತಾರೆ. ನನಗೂ ಗೊತ್ತು.

ಆದರೂ ದಿನಾ ಬೆಳಿಗ್ಗೆ ಮೊದಲ ಹಾಳೆಯಲ್ಲಿ ನೆನಪಿನಿಂದ ದುರುಗಪ್ಪನನ್ನು ಬರೆಯುವ ಚಟವೊಂದು ಉಳಿದಿತ್ತು. ಕೈ ಬರುತ್ತದೆ, ಹೆಬ್ಬೆರಳಿಗೆ ಸಿಕ್ಕಿಸಿದ ನಾರು ಬರುತ್ತದೆ, ಜಗ್ಗಿದ ತುಟಿಯೂ ಬರುತ್ತದೆ. ಮುಖ ಬರುವುದಿಲ್ಲ. ಇಷ್ಟು ವರ್ಷ ಅದು ನನ್ನ ಕೈಯ ದೋಷವೆಂದುಕೊಂಡು ದಿನವೂ ತಿದ್ದುತ್ತಿದ್ದೆ. ಪೇಪರಿನ ಹಿಂದೆ ಮುಖ ಅಡಗಿಸಿ ಹರಪನಹಳ್ಳಿಯಿಂದ ಬಂದ ಮರುದಿನ ಬೆಳಿಗ್ಗೆ ಅದೇ ಹಾಳೆ ತೆರೆದು, ಪೆನ್ಸಿಲು ಎತ್ತಿ, ಕೆಳಗಿಟ್ಟೆ. ಹರಿದು ಕೊಡಿ ಎಂದು ಅವನು ಕೈಮುಗಿದದ್ದು ಕಾಗದಕ್ಕೊಂದೇ ಆಗಿರಲಿಲ್ಲ. ಅವನ ಮುಖವನ್ನು ಕೊಡದೆ ಉಳಿಸಿಕೊಳ್ಳಲು ನಾನು ಇನ್ನೂ ಒದ್ದಾಡುತ್ತಿದ್ದೆ.