ಬೇರೆ ಡಬ್ಬಿಯಲ್ಲಿ ಹೋಗುತ್ತಿದ್ದ ರೆಫರಿ ಮಾಮ

ಅವರ ಬಲಗೈಯ ಬೆರಳುಗಳು ನೆಟ್ಟಗಿರಲಿಲ್ಲ. ನಡುಬೆರಳು ಉಂಗುರದ ಬೆರಳಿನ ಮೇಲೆ ಒರಗಿಕೊಂಡಿತ್ತು, ಕಿರುಬೆರಳು ಮಡಚುತ್ತಲೇ ಇರಲಿಲ್ಲ. ಹರೆಯದಲ್ಲಿ ಬಾಕ್ಸಿಂಗ್ ಆಡುವಾಗ ಮುರಿದದ್ದು, ಯಾರೋ ಅಡ್ಡಾದಿಡ್ಡಿ ಪಟ್ಟಿ ಕಟ್ಟಿ ಹಾಗೆಯೇ ಕೂಡಿಕೊಂಡಿತ್ತಂತೆ. ಅಂಥ ಕೈಯಲ್ಲೇ ಅವರು ದಿನವಿಡೀ ಹೋಟೆಲಿನ ಗಲ್ಲಾದ ಮೇಲೆ ಕೂತು ಬಿಲ್ಲುಗಳನ್ನು ಕಂಬಿಗೆ ಚುಚ್ಚುತ್ತಿದ್ದರು. ಬೋ ಟೈ ಕಟ್ಟಿಕೊಳ್ಳುವುದು ಮಾತ್ರ ಆ ಬೆರಳುಗಳಿಗೆ ಒಗ್ಗಲಿಲ್ಲ. ಪಂದ್ಯವಿದ್ದ ಭಾನುವಾರ ಬಿಳಿ ಅಂಗಿ, ಬಿಳಿ ಪ್ಯಾಂಟು ತೊಟ್ಟು, ಟೈ ಕೈಯಲ್ಲಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

"ಇದೊಂದು ಕಟ್ಟಿ ಕೊಡು ಮಾರಾಯ್ತಿ. ತುಂಬ ಬಿಗಿ ಬೇಡ, ನನಗೆ ರಿಂಗಿನೊಳಗೆ ಉಸಿರಾಡ್ಲಿಕ್ಕೆ ಉಂಟು."

ನಾನು ಆಗ ಕಾಲೇಜು ಹುಡುಗಿ. "ಉಡುಪಿಯವರೆಲ್ಲ ದೋಸೆ ಹುಯ್ಯೋಕೆ ಮುಂಬಯಿಗೆ ಬಂದರೆ ನೀವೊಬ್ಬರು ಜಗಳ ಬಿಡಿಸೋಕೆ ಬಂದಿದ್ದೀರಿ" ಎಂದು ಛೇಡಿಸುತ್ತಲೇ ಗಂಟು ಹಾಕುತ್ತಿದ್ದೆ. ಅವರು ಗದ್ದ ಮೇಲೆತ್ತಿಕೊಂಡು ಮಗುವಿನ ಹಾಗೆ ನಿಂತಿರುತ್ತಿದ್ದರು. ಹೆಂಡತಿ ಉಡುಪಿ ಕಡೆಯ ಊರಿನಲ್ಲಿ, ಇವರು ಮುಲುಂಡಿನ ನಮ್ಮ ಬಿಲ್ಡಿಂಗಿನ ಮೇಲಿನ ಮಾಳಿಗೆಯ ಒಂದೇ ರೂಮಿನಲ್ಲಿ. ಅಮ್ಮ ಮಾಡಿದ ಹುಳಿ ಮೇಲೆ ಹೋದರೆ ಹೋಟೆಲಿನ ಗೋಳಿಬಜೆ ಕೆಳಗೆ ಬರುತ್ತಿತ್ತು. ಮೈಸೂರು ಕಡೆಯ ನಮಗೆ ಅವರ ಕನ್ನಡ ತಮಾಷೆ, ಅವರಿಗೆ ನಮ್ಮದು. ಇಡೀ ಬಿಲ್ಡಿಂಗು ಅವರನ್ನು ರೆಫರಿ ಮಾಮ ಎನ್ನುತ್ತಿತ್ತು, ಮರಾಠಿ ಅಜ್ಜಿಯರು ಕೂಡ.

ಬಾಕ್ಸಿಂಗ್‌ನಲ್ಲಿ ಅಂಕ ಹಾಕುವವರು ರಿಂಗಿನ ಹೊರಗೆ ಕೂತ ತೀರ್ಪುಗಾರರು. ರೆಫರಿಯ ಕೆಲಸ ಆಟ ನಡೆಸುವುದು. ಕೊನೆಗೆ ಇಬ್ಬರು ಹುಡುಗರ ಮಣಿಕಟ್ಟನ್ನೂ ಹಿಡಿದು ನಡುವೆ ನಿಂತು, ಮೈಕಿನಲ್ಲಿ ಯಾರ ಹೆಸರು ಬರುತ್ತದೋ ಅವನ ಕೈ ಎತ್ತುವುದು. ಹಾಗೆ ಹಿಡಿದಾಗ ನಾಡಿ ಸಿಗುತ್ತದೆ ಎಂದು ಮಾಮ ಹೇಳುತ್ತಿದ್ದರು. "ಗೆದ್ದವನಿಗೆ ಒಳಗೆ ಗೊತ್ತಿರ್ತದೆ. ಅವನ ನಾಡಿ ಬೇಗ ಇಳೀತದೆ. ಸೋತವನದ್ದು ಕುಣೀತಾ ಇರ್ತದೆ. ಮೈಕಿನವ ಹೇಳುವ ಮೊದಲೇ ನನಗೆ ಗೊತ್ತಾಗ್ತದೆ."

"ಮೈಕಿನವನು ಬೇರೆ ಹೇಳಿದರೆ?" ಎಂದು ಒಮ್ಮೆ ಕೇಳಿದ್ದೆ.

"ಹೇಳ್ತಾರೆ, ಕೆಲವು ಸಲ ಹೇಳ್ತಾರೆ" ಎಂದರು. ಅಷ್ಟು ಹೇಳಿ ಮೆಟ್ಟಿಲು ಹತ್ತಿ ಹೋದರು.

ನನ್ನ ತಮ್ಮನಿಗೆ ಬಾಕ್ಸಿಂಗ್ ಹುಚ್ಚು ಹತ್ತಿದ್ದು ಅವರನ್ನು ನೋಡಿಯೇ. ಆದರೆ ಅವರು ಅವನಿಗೆ ಒಂದೇ ಒಂದು ಪಟ್ಟು ಹೇಳಿಕೊಡಲಿಲ್ಲ. ಸ್ಟೇಷನ್ ಹತ್ತಿರದ ವ್ಯಾಯಾಮಶಾಲೆಯಲ್ಲಿ ಬೇರೊಬ್ಬ ಕೋಚ್ ಇದ್ದರು, ಅಲ್ಲಿಗೆ ಕಳಿಸಿದರು. ಅವನು ಟೆರೇಸಿನಲ್ಲಿ ಮರಳುಚೀಲಕ್ಕೆ ಗುದ್ದುವಾಗ ಮಾಮ ಒಗೆದ ಬಟ್ಟೆ ಹರವಲು ಬಂದರೆ ಬೆನ್ನು ತಿರುಗಿಸಿಯೇ ಹರವಿ ಇಳಿಯುತ್ತಿದ್ದರು. ಗೆದ್ದು ಬಂದರೆ ಭೇಷ್ ಎನ್ನುತ್ತಿರಲಿಲ್ಲ. ಒಂದೇ ಹಾಲ್‌ಗೆ ಹೋಗಬೇಕಾದ ದಿನ ಇಬ್ಬರೂ ಒಂದೇ ಲೋಕಲ್ ರೈಲು ಹಿಡಿಯುತ್ತಿದ್ದರು, ಆದರೆ ಮಾಮ ಹತ್ತುತ್ತಿದ್ದದ್ದು ಬೇರೆ ಡಬ್ಬಿ. ತಮ್ಮನಿಗೆ ಬೇಜಾರಾಗಿ ಕೇಳಿಯೇ ಬಿಟ್ಟ.

"ಬೇಜಾರು ಮಾಡ್ಬೇಡ ಮಗ" ಎಂದರಂತೆ. "ನಾವು ಒಟ್ಟಿಗೆ ಕೂತದ್ದನ್ನು ನಾಳೆ ಯಾರಾದ್ರೂ ನೋಡಿದ್ರೆ ನೀನು ಗೆದ್ದದ್ದು ಗೆದ್ದದ್ದೇ ಆಗುದಿಲ್ಲ."

ಅಪ್ಪನಿಗೆ ಇದೆಲ್ಲ ಸುತರಾಂ ಇಷ್ಟವಿರಲಿಲ್ಲ. ಸರ್ಕಾರಿ ಆಫೀಸಿನ ಗುಮಾಸ್ತರು ಅವರು. "ಮೂಗು ಮುರ್ಕೊಂಡು ಬಂದವನಿಗೆ ಯಾರು ಕಣೋ ಕೆಲಸ ಕೊಡ್ತಾರೆ?" ಎನ್ನುತ್ತಿದ್ದರು. ಓದಿನಲ್ಲಿ ತಮ್ಮ ಅಷ್ಟಕ್ಕಷ್ಟೆ. ಆದರೆ ರಾಜ್ಯದ ಆಯ್ಕೆ ಪಂದ್ಯಗಳ ಫೈನಲ್ ಗೆದ್ದರೆ ರೈಲ್ವೆಯಲ್ಲಿ ಆಟಗಾರರ ಕೋಟಾದಲ್ಲಿ ನೌಕರಿ ಸಿಗುತ್ತದೆ ಎಂದು ಕೋಚ್ ಮನೆಗೇ ಬಂದು ಹೇಳಿದ ಮೇಲೆ ಅಪ್ಪ ಬದಲಾದರು. ಬೆಳಿಗ್ಗೆ ತಾವೇ ಎದ್ದು ಅವನಿಗೆ ಮೊಟ್ಟೆ ಬೇಯಿಸಲು ಕಲಿತರು. ಅಮ್ಮ ಮೊಟ್ಟೆಯ ಪಾತ್ರೆಯನ್ನು ಬಾಲ್ಕನಿಯಲ್ಲಿ ಬೇರೆ ಇಟ್ಟಿದ್ದಳು, ಅದು ಬೇರೆ ಮಾತು.

ತಮ್ಮ ಫೈನಲ್ ತಲುಪಿದ. ಎದುರಾಳಿ ಬಾಕ್ಸಿಂಗ್ ಸಂಘದ ದೊಡ್ಡ ಪದಾಧಿಕಾರಿಯೊಬ್ಬರ ಅಳಿಯನ ತಮ್ಮ. ಅದಕ್ಕೆ ರೆಫರಿಯಾಗಿ ಮಾಮನನ್ನೇ ಹಾಕಿದರು. ಅವರು ಸಂಘದ ಕಚೇರಿಗೆ ಹೋಗಿ, ಹುಡುಗ ನಮ್ಮ ಬಿಲ್ಡಿಂಗಿನವನು, ನನ್ನನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡರು. "ನಿಮ್ಮಂಥವರ ಮೇಲೆ ಯಾರಿಗೆ ಅನುಮಾನ?" ಎಂದು ಚಹಾ ಕುಡಿಸಿ ಕಳಿಸಿದರು. ಬರವಣಿಗೆಯಲ್ಲಿ ಕೊಡಬೇಕೆಂದು ಮಾಮನಿಗೆ ಹೊಳೆಯಲೇ ಇಲ್ಲ. ಹಾಲಿನವನಿಂದ ಹಿಡಿದು ಅಡುಗೆ ಭಟ್ಟರವರೆಗೆ ಹೋಟೆಲಿನವರ ವ್ಯವಹಾರವೆಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ. ಆಡಿದ ಮಾತು ಆಡಿದ್ದೇ ಎಂದು ನಂಬಿ ಬಂದರು.

ಆ ಭಾನುವಾರ ಟೈ ಕಟ್ಟುವಾಗ ನಾನು ಛೇಡಿಸಲಿಲ್ಲ. ಅಪ್ಪ, ನಾನು, ತಮ್ಮ ಒಂದು ಡಬ್ಬಿಯಲ್ಲಿ ಹೋದೆವು. ಮಾಮ ಪ್ಲಾಟ್‌ಫಾರ್ಮಿನ ಆ ತುದಿಗೆ ನಡೆದುಹೋದರು.

ಆಟ ನನಗೇನೂ ತಿಳಿಯದು. ಆದರೂ ಎರಡನೆಯ ಸುತ್ತಿನಲ್ಲಿ ಆ ಹುಡುಗ ಹಗ್ಗ ಹಿಡಿದು ನಿಂತದ್ದು, ಮಾಮ ಅವನ ಮುಖದ ಮುಂದೆ ಬೆರಳೆತ್ತಿ ಎಣಿಸಿದ್ದು ಇಡೀ ಹಾಲ್‌ಗೇ ಕಾಣುತ್ತಿತ್ತು. ಕೊನೆಯ ಸುತ್ತಿನಲ್ಲಂತೂ ಅವನು ತಮ್ಮನನ್ನು ಅಪ್ಪಿಕೊಂಡೇ ಕಾಲ ಕಳೆದ. ಗಂಟೆ ಬಾರಿಸಿದಾಗ ಅಪ್ಪ ನನ್ನ ಭುಜ ಹಿಡಿದುಕೊಂಡು ಅಳುತ್ತಿದ್ದರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಾಮ ಇಬ್ಬರ ಮಣಿಕಟ್ಟು ಹಿಡಿದು ನಡುವೆ ನಿಂತರು. ಐವರು ತೀರ್ಪುಗಾರರಲ್ಲಿ ಮೂವರ ಮತ ಆ ಹುಡುಗನಿಗೆ ಎಂದು ಮೈಕಿನಲ್ಲಿ ಬಂತು. ಮಾಮ ಅಲುಗಲಿಲ್ಲ. ಕೇಳಿಸಿಲ್ಲವೇನೋ ಎಂದು ಮತ್ತೊಮ್ಮೆ ಹೇಳಿದರು. ಹಾಲ್‌ನಲ್ಲಿ ಗದ್ದಲ ನಿಂತಿತು. ಮಾಮ ಆ ಹುಡುಗನ ಕೈಯನ್ನು ಮೆಲ್ಲಗೆ ಕೆಳಗೆ ಬಿಟ್ಟರು. ನನ್ನ ತಮ್ಮನ ಕೈ ಎತ್ತಿದರು.

ಜನ ಬೆಂಚಿನ ಮೇಲೆ ನಿಂತು ಕೂಗಿದರು. ಅಪ್ಪನಂತೂ ಗೆದ್ದೆವೆಂದೇ ತಿಳಿದರು. ಎಷ್ಟೋ ಹೊತ್ತಿನ ಮೇಲೆ, ಕೋಚ್ ತಲೆ ಮೇಲೆ ಕೈ ಹೊತ್ತು ಕೂತದ್ದನ್ನು ಕಂಡು ಅಪ್ಪ ಹತ್ತಿರ ಹೋಗಿ ಏನಾಯಿತೆಂದು ಕೇಳಿದರು. ಅವರು ತೀರ್ಪಿನ ವಿರುದ್ಧ ದೂರು ಕೊಡುವವರಿದ್ದರು. ಎಲ್ಲರ ಕಣ್ಣೆದುರು ನಡೆದ ಅನ್ಯಾಯ, ಮರು ಪಂದ್ಯವಾದರೂ ಸಿಗುತ್ತಿತ್ತೇನೋ. ಈಗ ಸಂಘದವರಿಗೆ ಕೇಳದೆಯೇ ವರ ಸಿಕ್ಕಿತ್ತು. ರೆಫರಿ ಮತ್ತು ಹುಡುಗ ಒಂದೇ ಬಿಲ್ಡಿಂಗಿನವರು, ಅವರದು ಒಳಗೊಳಗೇ ಒಪ್ಪಂದ ಎಂದರು. ಮಾಮ ಮೊದಲೇ ಬಂದು ಹೇಳಿದ್ದನ್ನು ಕಚೇರಿಯಲ್ಲಿ ಒಬ್ಬರೂ ಕೇಳಿರಲಿಲ್ಲವಂತೆ. ಮಾಮನನ್ನು ರಿಂಗಿನಿಂದ ಶಾಶ್ವತವಾಗಿ ಹೊರಗೆ ಹಾಕಿದರು. ತಮ್ಮನಿಗೆ ಎರಡು ವರ್ಷ ನಿಷೇಧ. ಅಷ್ಟರಲ್ಲಿ ರೈಲ್ವೆಯ ಆ ನೌಕರಿ ಬೇರೆಯವರ ಪಾಲಾಯಿತು.

ಕಳ್ಳರು ಕದ್ದರೆ ಸಿಟ್ಟು ಬರುತ್ತದೆ, ಸಿಟ್ಟು ಹೇಗೋ ಇಳಿಯುತ್ತದೆ. ಒಳ್ಳೆಯವರ ಒಳ್ಳೆಯತನವೇ ಮನೆ ಮುರಿದರೆ ಯಾರ ಮೇಲೆ ಸಿಟ್ಟಾಗಬೇಕು? ಮರುದಿನ ಮಾಮ ಬಂದು ನಮ್ಮ ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

"ಎಂತ ಮಾಡುದು, ಕೈ ಏಳ್ಲಿಲ್ಲ ಸ್ವಾಮಿ. ಇವನ ನಾಡಿ ತಣ್ಣಗೆ ಕೂತಿತ್ತು, ಅವನದ್ದು ಕುಣೀತಾ ಇತ್ತು. ಆ ಕೈ ನನ್ನಿಂದ ಏಳ್ಲಿಲ್ಲ. ನಿಮ್ಮ ಹುಡುಗನ ಅನ್ನ ನಾನೇ ಕಿತ್ಕೊಂಡೆ" ಎಂದರು.

ಅಪ್ಪ ಬಾಗಿಲಿನಿಂದ ಪಕ್ಕಕ್ಕೆ ಸರಿದು, "ಬನ್ನಿ, ಕಾಫಿ ಕುಡೀರಿ" ಎಂದರು. ಮಾಮ ಕುಡಿಯಲಿಲ್ಲ.

ತಮ್ಮ ಗ್ಲೌಸುಗಳನ್ನು ಅಟ್ಟಕ್ಕೆ ಹಾಕಿದ. ದಾದರಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಮೊದಲ ದಿನ ಬೆಳಿಗ್ಗೆ ಸ್ಟೇಷನ್ನಿನಲ್ಲಿ ಮಾಮ ನಿಂತಿದ್ದರು. ಹೋಟೆಲಿನ ಕಾಫಿಪುಡಿ ತರಲು ಅವರೂ ದಾದರಿಗೆ ಹೊರಟಿದ್ದರು. ರೈಲು ಬಂದಾಗ ಅಭ್ಯಾಸಬಲದಿಂದ ಆ ತುದಿಗೆ ನಡೆಯತೊಡಗಿದರಂತೆ. ತಮ್ಮ ಓಡಿ ಹೋಗಿ ಅವರ ತೋಳು ಹಿಡಿದ. "ಮಾಮ, ಈಗ ಒಂದೇ ಡಬ್ಬಿಲಿ ಹೋಗಬಹುದಲ್ಲ" ಎಂದ. ದಾದರಿನವರೆಗೂ ಮಾಮ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರೆಂದು ಅವನು ಮನೆಗೆ ಬಂದು ಹೇಳಿದಾಗ, ಅಡುಗೆಮನೆಯಲ್ಲಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದಾದ ಮೇಲೆ ಅವರು ಟೈ ಹಿಡಿದು ಬರಲಿಲ್ಲ. ನನ್ನ ಮದುವೆಯಲ್ಲಿ ಬಡಿಸಲು ನಿಂತದ್ದು ಅದೇ ಬಿಳಿ ಅಂಗಿಯಲ್ಲಿ, ಕೊರಳು ಖಾಲಿ.

ತೊಂಬತ್ತರ ದಶಕ ಶುರುವಾಗಿತ್ತು, ಅವರ ಹೃದಯ ಕೈಕೊಟ್ಟಿತು. ಆಸ್ಪತ್ರೆಗೆ ನಾನು ವಿಲೆ ಪಾರ್ಲೆಯ ಗಂಡನ ಮನೆಯಿಂದ ಬಂದೆ. ಊರಿನಿಂದ ಅವರ ಹೆಂಡತಿ ಇನ್ನೂ ಬಸ್ಸಿನಲ್ಲಿದ್ದರು. ತಮ್ಮ ಹಾಸಿಗೆಯ ಪಕ್ಕ ಕೂತಿದ್ದ. ಮಾಮ ಸೊಟ್ಟ ಬೆರಳಿನ ಕೈಯನ್ನು ಅವನ ಕಡೆ ಸರಿಸಿದರು.

"ಹಿಡಿ ಮಗ. ನೋಡು, ಎಂತ ಹೇಳ್ತದೆ?"

ತಮ್ಮ ಅವರ ಮಣಿಕಟ್ಟನ್ನು ಅವರು ರಿಂಗಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ ಮೂರು ಬೆರಳಲ್ಲಿ ಹಿಡಿದ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ.

"ಇಳಿದಿದೆ ಮಾಮ. ತಣ್ಣಗೆ ಕೂತಿದೆ."

ಮಾಮ ಅವನ ಮುಖವನ್ನೇ ನೋಡಿದರು. ನಂಬಿದರೋ ಇಲ್ಲವೋ, ತಲೆಯಾಡಿಸಿ ಕಣ್ಣು ಮುಚ್ಚಿಕೊಂಡರು. ಹೆಂಡತಿ ಬಂದು ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಮಾಮ ಹಾಗೆ ಕಣ್ಣು ಮುಚ್ಚಿಕೊಂಡ ಮೇಲೆ, ತಮ್ಮ ನೀರು ತರಲು ಎದ್ದಾಗ ಆ ಕೈಯನ್ನು ನಾನೂ ಹಿಡಿದಿದ್ದೆ. ನಾಡಿ ಸಿಕ್ಕಿಬಿದ್ದ ಹಕ್ಕಿಯ ಹಾಗೆ ಕುಣಿಯುತ್ತಿತ್ತು. ನನ್ನ ತಮ್ಮ ತನ್ನ ಜೀವಮಾನದಲ್ಲಿ ಕೊಟ್ಟ ಸುಳ್ಳು ತೀರ್ಪು ಅದೊಂದೇ.