ಪೆಟ್ಟಿಗೆಯಲ್ಲಿ ಉಳಿದಿದ್ದವನು

ಆಕೆಯ ಕೆಲಸ ಒರೆಸುವುದು. ನೆಲವನ್ನಲ್ಲ, ಬಾಹ್ಯಾಕಾಶ ನೌಕೆಯನ್ನು. ಎಲ್ಲೋ ದೂರದ ದೊಡ್ಡ ಗ್ರಹವೊಂದರ ಸುತ್ತ ಸುತ್ತುವ ಹಿಮದ ಚಂದ್ರನಿಗೆ ಹೋಗಿ, ಮಂಜುಗಡ್ಡೆ ಕೊರೆದು, ಅದರಡಿಯ ಕತ್ತಲ ಕಡಲಿನಲ್ಲಿ ಜೀವವೇನಾದರೂ ಇದೆಯೇ ಎಂದು ಮೂಸಿ ನೋಡುವ ನೌಕೆ ಅದು. ಇಲ್ಲಿಯ ಒಂದೇ ಒಂದು ಕ್ರಿಮಿ ಅದಕ್ಕೆ ಅಂಟಿಕೊಂಡು ಹೋದರೂ ಕಥೆ ಮುಗಿಯಿತು. ಅಲ್ಲಿ ಸಿಕ್ಕಿದ್ದು ಅಲ್ಲಿಯದೋ ನಮ್ಮ ಮೂಗಿನದೋ ಎಂದು ಯಾವ ಪಂಡಿತನೂ ಹೇಳಲಾರ. ಅಷ್ಟು ದೂರ ಹೋಗಿ ನಮ್ಮದೇ ಸೀನನ್ನು ಕಂಡುಹಿಡಿದು ಬಂದ ಹಾಗಾಗುತ್ತದೆ.

ಅದಕ್ಕೇ ಆಕೆ ಒಂದೊಂದು ತಿರುಪು, ಒಂದೊಂದು ಸಂದನ್ನೂ ಸ್ಪಿರಿಟ್‌ನಲ್ಲಿ ಒರೆಸುತ್ತಿದ್ದಳು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಉಜ್ಜಿ, ಆ ಕಡ್ಡಿಯನ್ನು ಗಾಜಿನ ತಟ್ಟೆಯಲ್ಲಿ ಸವರಿ, ಏನಾದರೂ ಬೆಳೆಯುತ್ತದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಬೇರೆಯವರು ಬೆಳೆದರೆ ಹಿಗ್ಗುತ್ತಾರೆ, ಈಕೆ ಏನೂ ಬೆಳೆಯದಿದ್ದರೆ ಹಿಗ್ಗುತ್ತಿದ್ದಳು. ಜತೆಯವರು ಇಟ್ಟ ಹೆಸರು ಮಡಿಯಮ್ಮ. ಸೆಂಟು ಹಾಕಿಕೊಂಡು ಬಂದ ಎಂಜಿನಿಯರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದವಳು, ಮೇಲಧಿಕಾರಿಯ ಗಡ್ಡ ಬೋಳಿಸಿಯೇ ಒಳಗೆ ಬಿಟ್ಟವಳು. ಮುಲಾಜು ಎಂಬುದು ಆಕೆಯ ಜಾತಕದಲ್ಲೇ ಇರಲಿಲ್ಲ.

ಗಂಡ ಅಲ್ಲಿಯೇ ಫಿಟ್ಟರ್. ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ, ಮೂಗು ಬಾಯಿಗೆ ಮುಸುಕು; ಇಬ್ಬರೂ ಬರೀ ಕಣ್ಣು ನೋಡಿ ಮೆಚ್ಚಿ ಮದುವೆಯಾದವರು. ಜಗತ್ತಿನ ಕೊಳೆಯನ್ನೆಲ್ಲ ಒರೆಸುತ್ತೀಯ, ನಿನ್ನ ದೊಡ್ಡ ಕೊಳೆ ಮನೆಯಲ್ಲೇ ಕಾಲು ಚಾಚಿ ಕೂತಿದೆ ಎಂದು ಅವನು ನಗಿಸುತ್ತಿದ್ದ. ಹೋದ ವರ್ಷ ಸ್ನಾನಕ್ಕೆಂದು ಹೋದವನು ಹೊರಗೆ ಬರಲಿಲ್ಲ. ಎದೆ ನಿಂತುಹೋಗಿತ್ತು. ಮನೆಯಲ್ಲಿ ಆಕೆ ಮತ್ತು ಅತ್ತೆ ಉಳಿದರು. ಇಬ್ಬರಿಗೂ ಮಾತು ಬೇಡವಾಗಿತ್ತು.

ಆ ಕಟ್ಟಡದಲ್ಲಿ ಒಂದು ಪದ್ಧತಿಯಿದೆ. ನೌಕೆಯ ಕೋಣೆಗೆ ಕಾಲಿಡುವ ಪ್ರತಿಯೊಬ್ಬನ ಅಂಗೈಯಿಂದಲೂ ಮೊದಲೇ ಕಡ್ಡಿಯಲ್ಲಿ ಉಜ್ಜಿ ತೆಗೆದು, ಅವನ ಮೈಮೇಲಿನ ಕ್ರಿಮಿಗಳನ್ನು ತಟ್ಟೆಯಲ್ಲಿ ಬೆಳೆಸಿ, ಹೆಪ್ಪುಗಟ್ಟುವ ಚಳಿಯ ಕಪಾಟಿನಲ್ಲಿ ಇಡುತ್ತಾರೆ. ನೌಕೆಯ ಮೇಲೆ ಏನಾದರೂ ಸಿಕ್ಕರೆ ಇದರ ಜತೆ ಹೋಲಿಸಿ ಯಾರದೆಂದು ಹಿಡಿಯುತ್ತಾರೆ. ಕೆಲಸದವರು ಅದನ್ನು ಕಳ್ಳರ ಕಪಾಟು ಎನ್ನುತ್ತಿದ್ದರು.

ನೌಕೆ ಹೊರಡಲು ಕೆಲವು ವಾರಗಳಷ್ಟೇ ಇದ್ದಾಗ, ಮಂಜನ್ನು ಮೂಸುವ ಪೆಟ್ಟಿಗೆಯ ಒಂದು ತಿರುಪಿನ ಅಡಿಯಿಂದ ತೆಗೆದ ಕಡ್ಡಿಯ ತಟ್ಟೆಯಲ್ಲಿ ಕ್ರಿಮಿ ಬೆಳೆಯಿತು. ಬೀಜದಂತೆ ಚಿಪ್ಪು ಕಟ್ಟಿಕೊಂಡು ವರ್ಷಗಟ್ಟಲೆ ಮಲಗಬಲ್ಲ ಜಾತಿ. ಆಕೆ ಬೈದುಕೊಳ್ಳುತ್ತಲೇ ಕಪಾಟಿನ ತಟ್ಟೆಗಳ ಜತೆ ಹೋಲಿಸಿದಳು. ಹೊಂದಿದ್ದು ಒಬ್ಬನದಕ್ಕೆ ಮಾತ್ರ. ತಟ್ಟೆಯ ಮೇಲಿನ ಚೀಟಿಯಲ್ಲಿದ್ದದ್ದು ಗಂಡನ ಹೆಸರು. ಆ ತಿರುಪನ್ನು ಬಿಗಿದವನು ಅವನೇ.

ಆ ಸಂಜೆ ಆಕೆ ಯಾರಿಗೂ ಹೇಳದೆ ಮನೆಗೆ ಬಂದಳು. ನಿಯಮ ಮುರಿದವರನ್ನು ಅಟ್ಟಾಡಿಸಿದ ಮಡಿಯಮ್ಮ ಈಗ ತಾನೇ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುವುದು ಇದಕ್ಕೇ ಇರಬೇಕು. ಅನ್ನುವವರು ಅನ್ನಲಿ, ಆಕೆಗೆ ಬೇಕಿದ್ದದ್ದು ಒಂದೇ, ಅವನದು ಏನಾದರೂ ಒಂದು ಜೀವಂತವಾಗಿ ಉಳಿಯಬೇಕು. ತಡೆಯಲಾರದೆ ಅತ್ತೆಗೆ ಹೇಳಿದಳು. ಅತ್ತೆ ಹೊಲಿಯುತ್ತಿದ್ದ ಬಟ್ಟೆ ಕೆಳಗಿಟ್ಟರು.

"ಅವನ ಮೈಯಿಂದ ಬಂದಿದ್ದಾ?"

"ಹೂಂ."

"ಜೀವ ಇದೆಯಾ ಅದಕ್ಕೆ?"

"ಮಲಗಿರುತ್ತೆ. ಎಬ್ಬಿಸಿದ್ರೆ ಏಳುತ್ತೆ."

ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಹಾಗಾದ್ರೆ ಸುಮ್ನೆ ಇದ್ದುಬಿಡು. ಪಾಪ, ಅವನು ಯಾವ ಊರೂ ನೋಡ್ಲಿಲ್ಲ. ಅಲ್ಲಿಗಾದ್ರೂ ಹೋಗ್ಲಿ" ಎಂದರು.

ಎರಡು ದಿನ ಆಕೆ ಸುಮ್ಮನೇ ಇದ್ದಳು. ಮೂರನೆಯ ದಿನ ತಾನೇ ಹೋಗಿ ಮೇಲಧಿಕಾರಿಗೆ ಹೇಳಿದಳು. ಧರ್ಮ, ವಿಜ್ಞಾನ ಎಂದೆಲ್ಲ ಕಾರಣ ಹುಡುಕುವುದು ಬೇಡ. ಮುಂದೊಂದು ದಿನ ಯಾರೋ ಆ ಕಡಲಲ್ಲಿ ಜೀವ ಸಿಕ್ಕಿತೆಂದು ಕುಣಿದಾಡುವುದು, ಅದು ತನ್ನ ಗಂಡನ ಬೆವರೆಂದು ತನಗೊಬ್ಬಳಿಗೇ ಗೊತ್ತಿರುವುದು, ಅದನ್ನು ನೆನೆದರೆ ಅವನನ್ನೇ ಸುಳ್ಳುಗಾರನನ್ನಾಗಿ ಮಾಡಿದಂತೆ ಅನ್ನಿಸಿತು. ಅವನು ಬಿಗಿದ ತಿರುಪು ಒಂದು ದಿನವೂ ಸಡಿಲವಾದದ್ದಿಲ್ಲ.

ಪೆಟ್ಟಿಗೆಯನ್ನು ಬಿಚ್ಚಿ ಒಲೆಯಲ್ಲಿಟ್ಟರು. ಯಾವ ಚಿಪ್ಪೂ ತಾಳದ ಒಣ ಶಾಖದಲ್ಲಿ ದಿನಗಟ್ಟಲೆ ಬೆಂದಿತು. ಕಾವಲಿಗೆ ನಿಂತವಳು ಆಕೆಯೇ. ಬೇರೆಯವರನ್ನು ನಿಲ್ಲಿಸುತ್ತೇನೆ ಎಂದು ಮೇಲಧಿಕಾರಿ ಹೇಳಿದರೂ ಕೇಳಲಿಲ್ಲ. ಆಮೇಲೆ ಉಜ್ಜಿದ ಕಡ್ಡಿಯಲ್ಲಿ ಏನೂ ಬೆಳೆಯಲಿಲ್ಲ. ಎಲ್ಲರೂ ಶಹಭಾಸ್ ಎಂದರು. ಅವರೆಲ್ಲರ ಮೇಲೂ ಆಕೆಗೆ ಹೇಳಲಾರದಷ್ಟು ಸಿಟ್ಟು ಬಂತು.

ಇನ್ನೊಂದು ಅನುಮಾನ ಉಳಿದಿತ್ತು. ಗಂಡ ಹೆಂಡತಿ ಒಂದೇ ಹಾಸಿಗೆಯವರು, ಒಬ್ಬರ ಕ್ರಿಮಿ ಇನ್ನೊಬ್ಬರ ಮೇಲೂ ನೆಲೆಸಿರಬಹುದು. ಪೆಟ್ಟಿಗೆಗೆ ಅದು ನಿಮ್ಮ ಕೈಯಿಂದಲೇ ಹೋಗಿದ್ದರೆ ನಾವು ಸುಟ್ಟದ್ದೂ ದಂಡ ಎಂದು ಮೇಲಧಿಕಾರಿ ಹಿಂಜರಿಯುತ್ತಲೇ ಹೇಳಿದರು. ಕಪಾಟಿನಲ್ಲಿದ್ದ ಆಕೆಯ ತಟ್ಟೆ ಮದುವೆಗೆ ಮುಂಚಿನದು, ಹೊಸದಾಗಿ ಕೈ ಉಜ್ಜಿಸಿಕೊಡಬೇಕಿತ್ತು; ಅದು ಬೆಳೆದು ತಿಳಿಯುವವರೆಗೆ ಕೆಲಸಕ್ಕೆ ಬರುವಂತಿರಲಿಲ್ಲ. ಮಡಿಯಮ್ಮನ ಮೇಲೇ ಅನುಮಾನವೇ ಎಂದು ಜತೆಯವರು ಲೊಚಗುಟ್ಟಿದರು. ಆಕೆಗೋ, ಆ ಅನುಮಾನ ಎತ್ತಿದ ಮೇಲಧಿಕಾರಿಯ ಬಾಯಿಗೆ ಸಕ್ಕರೆ ಹಾಕಬೇಕು ಅನ್ನಿಸಿತು. ಪೆಟ್ಟಿಗೆಯಲ್ಲಿ ಸತ್ತರೇನು, ತನ್ನ ಅಂಗೈಯಲ್ಲಿ ಇದ್ದೀತು! ತಟ್ಟೆ ಬೆಳೆಯುವವರೆಗೆ ಮನೆಯಲ್ಲಿ ಪಾತ್ರೆ ಕೂಡ ತೊಳೆಯದೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಅತ್ತೆಗೆ ಏನೂ ಹೇಳಲಿಲ್ಲ.

ತಟ್ಟೆಯಲ್ಲಿ ಏನೇನೋ ಬೆಳೆಯಿತು, ಅವನದು ಬೆಳೆಯಲಿಲ್ಲ. ದಿನವಿಡೀ ಸ್ಪಿರಿಟ್‌ನಲ್ಲಿ ಅದ್ದಿ ಅದ್ದಿ ಬಿರಿದ ಕೈ. ಅವನು ಹೋದ ಮೇಲೆ ತಾನೇ ದಿನಾ ಅವನನ್ನು ತೊಳೆದು ಹಾಕಿದ್ದಳು. ನಿಮ್ಮ ಕೈ ಚೊಕ್ಕವಾಗಿದೆ, ನಾಳೆಯಿಂದ ಬನ್ನಿ ಎಂದು ಮೇಲಧಿಕಾರಿ ಸಂತೋಷದಿಂದ ಹೇಳಿದರು. ಅವನು ಬಿಗಿದ ಭಾಗಗಳೆಲ್ಲ ಚೊಕ್ಕವೆಂದು ಖಚಿತವಾದ ಮೇಲೆ, ಸತ್ತವರ ತಟ್ಟೆಯನ್ನು ಕಪಾಟಿನಲ್ಲಿ ಉಳಿಸುವಂತಿಲ್ಲ ಎಂಬುದು ನಿಯಮ. ಆಕೆ ಗಂಡನ ತಟ್ಟೆಯನ್ನು ಚಳಿಯಿಂದ ತೆಗೆದು ತನ್ನ ಕೈಯಾರೆ ಒಲೆಗೆ ಹಾಕಿದಳು. ಇನ್ನು ಯಾವುದನ್ನು ಉಳಿಸಿ ಏನು ಎಂಬಂತಾಗಿತ್ತು.

ಮನೆಗೆ ಬಂದು ಅತ್ತೆಯ ಮುಂದೆ ಕುಸಿದು ಕೂತು, ಪೆಟ್ಟಿಗೆ ಬೆಂದದ್ದನ್ನೂ ತನ್ನ ಕೈಯಲ್ಲಿ ಅವನದು ಸಿಗದಿದ್ದದ್ದನ್ನೂ ಹೇಳಿದಳು; ಒಲೆಗೆ ಹಾಕಿದ ತಟ್ಟೆಯ ಮಾತಿಗೆ ಬರುವ ಮೊದಲೇ ಅಳು ಬಂತು. ಬೈಗುಳಕ್ಕೆ ತಯಾರಾಗಿಯೇ ಬಂದಿದ್ದಳು. ಅತ್ತೆ ಬೈಯಲಿಲ್ಲ. ಸೊಸೆಯ ಬಿರಿದ ಕೈಯನ್ನು ಸವರಿದರು, ಆಮೇಲೆ ಏನೋ ಹೊಳೆದವರಂತೆ ತಮ್ಮ ಅಂಗೈಯನ್ನು ಬಿಡಿಸಿ ಮುಂದೆ ಹಿಡಿದರು.

"ಅಷ್ಟಕ್ಕೆ ಯಾಕೆ ಅಳ್ತೀಯ? ಅವನನ್ನ ಎತ್ತಿ ಆಡಿಸಿದ ಕೈ ಇದು. ನಿನ್ನ ಹಾಗೆ ನಾನೇನು ತೊಳೀತಾ ಕೂರಲ್ಲ. ನಾಳೆ ನಿನ್ನ ಕಡ್ಡಿ ತಂದು ನನ್ನ ಕೈ ಉಜ್ಜಿ, ಅವನ ತಟ್ಟೆ ಜತೆ ಇಟ್ಟು ನೋಡು."

ಇಷ್ಟು ವರ್ಷ ಆ ಕೋಣೆಗೆ ಕಾಲಿಟ್ಟವರ ಕೈಗಳನ್ನಷ್ಟೇ ಎಣಿಸಿದವಳಿಗೆ, ಈ ಕೈ ಒಂದು ಕ್ಷಣವೂ ನೆನಪಾಗಿರಲಿಲ್ಲ. ಅತ್ತೆ ಅಂಗೈಯನ್ನು ಹಾಗೇ ಹಿಡಿದಿದ್ದರು. ಹೋಲಿಸಿ ನೋಡಲು ಇನ್ನು ತಟ್ಟೆಯೇ ಇಲ್ಲ ಎಂದು ಅವರಿಗೆ ಹೇಗೆ ಹೇಳುವುದೆಂದು ಆಕೆಗೆ ತಿಳಿಯಲಿಲ್ಲ.