ಪಂಚಮಿ ದಿನದ ಹಂಚು

ಅವ್ವನ ಸೊಂಟದ ಮೇಲೆ ಸರ್ಪಸುತ್ತು ಎದ್ದಾಗ ಇಚಲಕರಂಜಿಯ ನಮ್ಮ ಚಾಳಿನಲ್ಲಿ ಎಲ್ಲರಿಗೂ ಕಾರಣ ಗೊತ್ತಿತ್ತು, ಡಾಕ್ಟರನೊಬ್ಬನನ್ನು ಬಿಟ್ಟು. ಅವನು ಪಾಪ, ಇದೊಂದು ವೈರಸ್, ಗುಳಿಗೆ ಇವತ್ತೇ ಶುರುಮಾಡಬೇಕು, ತಡವಾದರೆ ನೋವು ವರ್ಷಗಟ್ಟಲೆ ಕಾಡುತ್ತದೆ ಎಂದ. ಅವ್ವ ಗುಳಿಗೆಗಳನ್ನು ದೇವರ ಮಾಡದಲ್ಲಿಟ್ಟು ಕೈಮುಗಿದಳು. ನುಂಗಲಿಲ್ಲ.

"ದೇವರು ಕೊಟ್ಟ ಶಿಕ್ಷಾಕ್ಕ ಗುಳಗಿ ನುಂಗಿದ್ರ ಅವಂಗ ಇನ್ನಾ ಸಿಟ್ಟ ಬರತೈತಿ. ಮೊದಲ ನಾ ಏನ್ ತಪ್ಪ ಮಾಡೇನಿ ಅಂತ ಗೊತ್ತಾಗ್ಲಿ" ಎಂದಳು.

ಗೊತ್ತುಮಾಡಿಕೊಡಲು ಚಾಳಿನ ಮೂವರು ಗೆಳತಿಯರು ಬಂದರು. ನಮ್ಮಂತೆಯೇ ಕರ್ನಾಟಕದಿಂದ ಮಗ್ಗದ ಕೆಲಸಕ್ಕೆ ಬಂದವರು. ಚಹಾ ಬರುವ ತನಕ ಸುತ್ತಲೂ ಕೂತು ಬರೀ ಲೊಚಗುಟ್ಟಿದರು. ಆಮೇಲೆ ಬಾಯಿ ಬಿಚ್ಚಿದರು ನೋಡಿ! ಒಬ್ಬಾಕೆ, ಹಾವು ಹೊಡೆದಿದ್ದೀಯೇನೆ ಎಂದಳು. ಜಿರಳೆ ಕಂಡರೂ ಖುರ್ಚಿ ಹತ್ತುವವಳು ನಮ್ಮವ್ವ. ಇನ್ನೊಬ್ಬಳು ಹಿಂದಿನ ಜನ್ಮದ್ದೇ ಇರಬೇಕೆಂದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂರನೆಯವಳು ಪಕ್ಕದ ಮನೆಯಾಕೆ, ನಮಗೂ ಅವರಿಗೂ ನಡುವೆ ಒಂದೇ ಗೋಡೆ.

"ನಾಗರಪಂಚಮಿ ದಿನ ಒಲಿ ಮ್ಯಾಲ ಹಂಚ ಇಟ್ಟಿದ್ದಿ ಹೌದಿಲ್ಲ ನೀ?" ಎಂದಳು ಆಕೆ.

ಅವ್ವನ ಮುಖ ಇಳಿಯಿತು. ಪಂಚಮಿಗೆ ಹಂಚು ಕಾಯಿಸಿದರೆ ನಾಗಪ್ಪನ ಹೆಡೆ ಸುಡುತ್ತದೆಂದು ನಮ್ಮಲ್ಲಿ ಅವತ್ತು ಕಡುಬಷ್ಟೇ ಬೇಯಿಸುತ್ತಾರೆ. ಆದರೆ ನನ್ನ ಮಗ್ಗಕ್ಕೆ ರಜೆ ಇರಲಿಲ್ಲ. ನನ್ನ ಡಬ್ಬಿಗೆಂದು ಅವ್ವ ರೊಟ್ಟಿ ಬಡಿದಿದ್ದಳು.

"ನಿನಗ ಹೆಂಗ ಗೊತ್ತಾತು?"

"ರೊಟ್ಟಿ ಬಡಿಯೂ ಸಪ್ಪಳ ಗ್ವಾಡ್ಯಾಗಿಂದ ಕೇಳಸ್ತೈತೆಲ್ಲ."

"ಕೇಳಸ್ತೈತಿ! ಅವತ್ತ ನಿಂದೂ ನನಗ ಕೇಳಿಸೈತಿ. ಇವರಿಬ್ಬರದೂ ಕೇಳಿಸೈತಿ!"

ಮೂವರೂ ಮೇಲಿನ ತಗಡಿನ ಸೂರು ನೋಡತೊಡಗಿದರು. ಕಡೆಗೆ ಪಕ್ಕದಾಕೆ, "ನಾವೂ ಇಟ್ಟೇವಿ ಖರೆ. ಆದ್ರ ಕೈಮುಗದ ಇಟ್ಟೇವಿ" ಎಂದಳು.

ಅವ್ವನ ಹುಣ್ಣಿಗೆ ಮುಲಾಮು ಹಚ್ಚಲು ಬಂದಿದ್ದ, ಚಾಳಿನವರೆಲ್ಲ 'ಸಿಸ್ಟರ್ ಬಾಯಿ' ಎಂದು ಕರೆಯುವ ಹೆಂಗಸಿಗೆ ತಡೆಯಲಾಗಲಿಲ್ಲ. ಅವರು ಗಡಹಿಂಗ್ಲಜ ಕಡೆಯ ಕ್ರೈಸ್ತರು, ನಿವೃತ್ತ ನರ್ಸು, ಚಾಳಿನ ತುದಿಯ ಮನೆಯವರು. "ಗಪ್ ಬಸಾ ಸಗಳ್ಯಾ!" ಎಂದು ಎಲ್ಲರೂ ಸುಮ್ಮನೆ ಕೂಡುವಂತೆ ಮರಾಠಿಯಲ್ಲಿ ಗದರಿಸಿ ಒಂದು ಕಥೆ ಹೇಳಿದರು. ಯೆಹೂದ್ಯರ ಹಳೆಯ ಶಾಸ್ತ್ರದಲ್ಲಿ ಒಬ್ಬ ಒಳ್ಳೆಯ ಮನುಷ್ಯನಂತೆ. ಕುರಿ, ಒಂಟೆ, ಮಕ್ಕಳು ಎಲ್ಲ ಹೋಗಿ, ಮೈತುಂಬ ಹುಣ್ಣೆದ್ದು ಬೂದಿಯಲ್ಲಿ ಕೂತನಂತೆ. ಅವನಿಗೂ ಮೂವರು ಗೆಳೆಯರು. ನೀನು ಪಾಪ ಮಾಡಿದ್ದಕ್ಕೇ ಇದು ಅಂತ ಒಂದೇ ಸಮ ಕೊರೆದರಂತೆ. ಅವನು ಒಪ್ಪದೆ, ಕಾರಣ ಹೇಳು ಅಂತ ದೇವರ ಜೊತೆಗೇ ಜಗಳಕ್ಕೆ ನಿಂತನಂತೆ.

"ಕಡೀಕ ದೇವರ ಬಂದು ಆ ಮೂರೂ ಮಂದೀನ ಬೈದ್ನಕ್ಕಾ. ನೀವ ಸುಳ್ಳ ಮಾತಾಡೀರಿ, ಇವನ ಕಡೆ ಹೋಗ್ರಿ, ನಿಮ್ಮ ಸಲುವಾಗಿ ಇವನ ನನಗ ಬೇಡ್ಕೊಳ್ಳಲಿ ಅಂದ."

ಅವ್ವ ದಿಂಬು ಬಿಟ್ಟು ಎದ್ದು ಕೂತಳು. "ಕೇಳಿದ್ರೆಲ್ಲವಾ? ನಿಮ್ಮ ಸಲುವಾಗಿ ನಾ ಬೇಡ್ಕೊಳ್ಳಲೇನು ಈಗ?"

ಮೂವರಿಗೂ ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಒಮ್ಮೆಗೇ ನೆನಪಾಗಿ ಎದ್ದು ಹೋದರು. ನಾನು ಬಿದ್ದು ಬಿದ್ದು ನಕ್ಕೆ. ಅವ್ವ ನಗಲಿಲ್ಲ.

"ಕಾರಣ ಏನಂತ ಹೇಳಿದ್ನರಿ ದೇವರು ಅವಂಗ?"

"ಹೇಳಲೇ ಇಲ್ಲಕ್ಕಾ. ಸಮುದ್ರದ್ದು, ಮಂಜಿಂದು, ಕಾಡಿನ ಕತ್ತೆದು ಎಲ್ಲಾ ಹೇಳಿದ, ಅದೊಂದ ಬಿಟ್ಟು. ಆದ್ರ ನಿನ್ನ ಪಾಪಕ್ಕ ಶಿಕ್ಷಾ ಅಂತ ಮಾತ್ರ ಅನ್ನಲಿಲ್ಲ ನೋಡ್ರಿ."

ಸಿಸ್ಟರ್ ಬಾಯಿ ಹೋದ ಮೇಲೆ ಗುಳಿಗೆ, ನೀರು ತಂದೆ. ಅವ್ವ ಕೈ ಚಾಚದೆ ನನ್ನ ಬಾಯಿಯನ್ನೇ ನೋಡುತ್ತ ಕೂತಳು. ನಾನು ಸೀಳುತುಟಿಯೊಂದಿಗೇ ಹುಟ್ಟಿದವನು. ಕೊಲ್ಹಾಪುರದಲ್ಲಿ ಹೊಲಿಸಿದ ಜಾಗದಲ್ಲಿ ಈಗಲೂ ಮೀಸೆ ಬರುವುದಿಲ್ಲ. ಅವ್ವ ಒಂದು ದಿನವೂ ಆ ಮಾತು ಎತ್ತಿದವಳಲ್ಲ.

"ನೀ ಹೊಟ್ಟ್ಯಾಗಿದ್ದಾಗ ಗ್ರಹಣ ಹಿಡದಿತ್ತ" ಎಂದಳು. "ಮಂದಿ ಬ್ಯಾಡಂದ್ರೂ ಬದನೀಕಾಯಿ ಹೆಚ್ಚಿದ್ನಿ. ನಿಮ್ಮಪ್ಪಗ ಭಾಳ ಹಸಿವಾಗಿತ್ತ. ಹಂಗಾರ ನಿನ್ನ ತುಟಿ... ಅದು ನನ್ನಿಂದ ಆಗಿದ್ದಲ್ಲೇನಪಾ?"

ನಾನು ಅವಳ ಪಕ್ಕ ಕೂತೆ.

"ಅಲ್ಲ ಯವ್ವಾ. ಖರೇನ ಅಲ್ಲ."

"ಹಂಗಾರ ಕೊಡು" ಎಂದು ಅವ್ವ ಅಂಗೈ ಚಾಚಿದಳು.